ಬಿಸಿಯಾದರೆ ನಿಲ್ಲುವ ಲೋಟಸ್ ಮಾರ್ಕ್ ಸಿಕ್ಸ್: ದೋಷ ಹುಡುಕುವ ಬಗೆ

ಲೋಟಸ್ ಮಾರ್ಕ್ ಸಿಕ್ಸ್ ಅಂದರೆ 1950ರ ದಶಕದ ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ ದೂರು ಇಷ್ಟೇ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಚಿನ್ನದಂತೆ ಓಡುತ್ತದೆ. ಆಮೇಲೆ ಒಂದೆರಡು ಸಲ ಮಿಸ್ ಹೊಡೆದು ನಡುದಾರಿಯಲ್ಲೇ ಆಫ್. ಎಷ್ಟು ಸೆಲ್ಫ್ ಹೊಡೆದರೂ ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಸುಮ್ನೆ ಬಿಟ್ಟು ಕೀ ತಿರುಗಿಸಿದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್.

ನಮ್ಮ ಊರಲ್ಲಿ ಹಳೇ ಫಿಯೆಟ್ ಇಟ್ಟುಕೊಂಡಿದ್ದವರು ಈ ಕಥೆ ಕೇಳಿದ ತಕ್ಷಣ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅನ್ನುತ್ತಾರೆ. ಜಾವಾ ಓಡಿಸಿದವರು ಸ್ಪಾರ್ಕಿಗೆ ನೆರವಾಗುವ ಕಂಡೆನ್ಸರ್ ಬದಲಿಸಿ ಅನ್ನುತ್ತಾರೆ. ನಾನು ಎರಡನ್ನೂ ಮಾಡಿದೆ. ಎರಡೂ ಸಲ ಕಾರು ಸರಿಹೋಯಿತು. ಎರಡೂ ಸಲ ಮತ್ತೆ ನಿಂತಿತು. ಹಾಗಾಗಿ ಈ ಬರಹ.

ಕಾರು ನನ್ನದಲ್ಲ. ನಾನು ಇಂಗ್ಲೆಂಡಿನಲ್ಲಿ ಇರುವ ಬೀದಿಯ ಕೊನೆಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದಾರೆ, ಅವರದು. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ನನಗೆ ಸ್ಪ್ಯಾನರ್ ಹಿಡಿಯುವ ಚಟ, ಅವರಿಗೆ ಬೆನ್ನು ಬಗ್ಗುವುದಿಲ್ಲ. ಹೀಗೆ ಶನಿವಾರದ ಗೆಳೆತನ ಶುರುವಾಯಿತು.

ಮೊದಲು ಕಾರಿನ ಜಾತಕ

ಬೇರೆ ಕಾರಾಗಿದ್ದರೆ ಚರಿತ್ರೆ ಬಿಟ್ಟು ನೇರವಾಗಿ ಬಾನೆಟ್ ತೆಗೆಯಬಹುದಿತ್ತು. ಈ ಕಾರಿನಲ್ಲಿ ಅದು ಆಗದ ಮಾತು. ಯಾಕೆ ಅಂತ ಹೇಳುತ್ತೇನೆ.

ಕಾಲಿನ್ ಚಾಪ್ಮನ್ ಲೋಟಸ್ ಎಂಜಿನಿಯರಿಂಗ್ ಅನ್ನುವ ಬೋರ್ಡು ಹಾಕಿದ್ದು 1952ರ ಜನವರಿ 1ರಂದು. ಜಾಗ ಉತ್ತರ ಲಂಡನ್ನಿನ ಹಾರ್ನ್ಸಿ. ಅಲ್ಲಿ ಅವನ ಅಪ್ಪ ನಡೆಸುತ್ತಿದ್ದ ರೈಲ್ವೆ ಹೋಟೆಲ್ ಅನ್ನುವ ಪಬ್ಬಿನ ಹಿಂದೆ ಹಳೇ ಕುದುರೆ ಲಾಯ ಇತ್ತು. ಅದೇ ಫ್ಯಾಕ್ಟರಿ. ಬಂಡವಾಳಕ್ಕೆ ಆಗ ಅವನು ಮದುವೆಯಾಗಬೇಕಿದ್ದ ಹೇಜಲ್ ಕೊಟ್ಟ 25 ಪೌಂಡ್ ಸಾಲ. ಜೊತೆಗೆ ಮೈಕೆಲ್ ಆಲನ್ ಎಂಬ ಗೆಳೆಯ. ಅಲ್ಲಿಂದ ಗಿರಾಕಿಗಳಿಗೆ ಅಂತ ಹೊರಬಂದ ಮೊದಲ ಮಾಡೆಲ್ಲೇ ಈ ಮಾರ್ಕ್ ಸಿಕ್ಸ್. ಒಟ್ಟು ಮಾಡಿದ್ದು ಸುಮಾರು 110.

ಅದಕ್ಕೂ ಒಂದು ವರ್ಷ ಮೊದಲು, 1951ರಲ್ಲಿ, ಚಾಪ್ಮನ್ ಆಸ್ಟಿನ್ ಸೆವೆನ್ ಅನ್ನುವ ಹಳೇ ಸಣ್ಣ ಕಾರಿನ ಭಾಗಗಳಿಂದ ಕಟ್ಟಿದ ಮಾರ್ಕ್ ತ್ರೀ ಕಾರು, 750 ಮೋಟಾರ್ ಕ್ಲಬ್ ಅನ್ನುವ ಸಂಘದ ರೇಸುಗಳಲ್ಲಿ ಉಳಿದವರನ್ನು ಧೂಳು ತಿನ್ನಿಸಿತ್ತು. ಆ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರಿಗೆ ಒಂದೇ ಇನ್ಲೆಟ್, ಅಂದರೆ ಗಾಳಿ ಪೆಟ್ರೋಲ್ ಒಳಗೆ ಹೋಗುವ ದಾರಿ. ಚಾಪ್ಮನ್ ಒಳಗೆ ಒಂದು ತಗಡಿನ ಗೋಡೆ ಕೂರಿಸಿ ಎರಡನ್ನು ನಾಲ್ಕು ಮಾಡಿಬಿಟ್ಟ. ಆಮೇಲೆ ಕ್ಲಬ್ಬು ಅದನ್ನು ಮಾಡಬಾರದು ಅಂತ ನಿಯಮ ಬರೆಯಬೇಕಾಯಿತು. ಈ ಕ್ಲಬ್ಬು 1939ರದ್ದು. ದುಡ್ಡಿಲ್ಲದವರೂ ರೇಸ್ ಆಡಬೇಕು ಅನ್ನುವುದು ಅದರ ಹಟ. 1953ರಲ್ಲಿ ಅವರು 1172 ಸಿಸಿಯ ಫೋರ್ಡ್ ಟೆನ್ ಎಂಜಿನ್ನಿನ ಕಾರುಗಳಿಗಾಗಿಯೇ 1172 ಫಾರ್ಮುಲಾ ಶುರು ಮಾಡಿದರು. ಮಾರ್ಕ್ ಸಿಕ್ಸ್‌ಗೆ ಹೇಳಿ ಮಾಡಿಸಿದ ಅಂಗಳ ಅದು.

ಈಗ ನಮಗೆ ಬೇಕಾದ ವಿಷಯಕ್ಕೆ ಬರೋಣ. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಟ್ಟಿದ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು. ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಇಲ್ಲ. ಲೋಟಸ್ ಕೊಡುತ್ತಿದ್ದದ್ದು ಪೈಪಿನ ಚಾಸಿ, ಅದಕ್ಕೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು, ಮಧ್ಯಕ್ಕೆ ಕತ್ತರಿಸಿ ಕೀಲು ಹಾಕಿದ ಫೋರ್ಡಿನ ಮುಂದಿನ ಆಕ್ಸಲ್, ಇಂಥವು. ಬರೀ ಚಾಸಿ 25 ಕೆಜಿ ಆಸುಪಾಸು, ತಗಡು ಸೇರಿ 41. ಇಬ್ಬರು ಹಿಡಿದರೆ ಮಂಚದ ಹಾಗೆ ಎತ್ತಬಹುದು. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ವೈರು, ದೀಪ ಎಲ್ಲ ಗಿರಾಕಿಯ ತಲೆನೋವು. ಗುಜರಿಯಿಂದ ಹಳೇ ಫೋರ್ಡ್ ತಂದು ಬಿಚ್ಚಿದರೆ ಬೇಕಾದ್ದೆಲ್ಲ ಸಿಕ್ಕುತ್ತಿತ್ತು. ಕೆಲವರು ಫೋರ್ಡ್ 1172 ಹಾಕಿದರು, ಕೆಲವರು ಕಾನ್ಸುಲ್ ಎಂಜಿನ್, ಕೆಲವರು ಎಂಜಿ. ಎಂಜಿ ಎಂಜಿನ್ ಹಾಕಿದ ಯುಪಿಇ 9 ನಂಬರಿನ ಕಾರಿನಲ್ಲಿ ಪೀಟರ್ ಗ್ಯಾಮನ್ 1954ರಲ್ಲಿ ರೇಸಿನ ಮೇಲೆ ರೇಸ್ ಗೆದ್ದ.

ಅಂದರೆ ಈ ಕಾರಿಗೆ ಕಂಪನಿಯ ವೈರಿಂಗ್ ನಕ್ಷೆ ಅಂತ ಒಂದನ್ನು ಹಿಡಿದುಕೊಂಡು ಕೂರುವ ಹಾಗಿಲ್ಲ. ವೈರ್ ಎಳೆದದ್ದು ಕಂಪನಿಯಲ್ಲ, ಯಾರೋ ಒಬ್ಬ ಹುಡುಗ, ತನ್ನ ಶೆಡ್ಡಿನಲ್ಲಿ, ತನಗೆ ಸಿಕ್ಕ ಭಾಗಗಳಿಂದ. ಆಮೇಲೆ ಎಪ್ಪತ್ತು ವರ್ಷದಲ್ಲಿ ಕಾರಿಗೆ ಐದಾರು ಯಜಮಾನರು. ಪ್ರತಿಯೊಬ್ಬರೂ ಏನೋ ಬದಲಿಸಿದ್ದಾರೆ. ಇಲ್ಲಿ ಏನು ಕೆಟ್ಟಿದೆ ಅಂತ ಕೇಳುವ ಮೊದಲು ಸರಿಯಿದ್ದಾಗ ಏನಿತ್ತು ಅಂತ ಕೇಳಬೇಕು. ನಾನು ಈ ಪ್ರಶ್ನೆಯನ್ನು ಕೊನೆಗೆ ಕೇಳಿದೆ. ಅದಕ್ಕೇ ನಾಲ್ಕು ಶನಿವಾರ ಹಾಳಾಯಿತು.

ಹೇಗೆ ನಿಲ್ಲುತ್ತದೆ ಅಂತ ಕೇಳಿಸಿಕೊಳ್ಳಿ

ಎಂಜಿನ್ ನಿಲ್ಲುವ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ನಿಧಾನಕ್ಕೆ ಸೊರಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಬರುವುದಿಲ್ಲ, ಕಾರ್ಬುರೇಟರಿನಿಂದ ಫಟ್ ಫಟ್ ಅಂತ ಹಿಂದಕ್ಕೆ ಉಗುಳುತ್ತದೆ, ಚೋಕ್ ಎಳೆದರೆ ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ನಿಲ್ಲುವುದು ದೀಪ ಆರಿದ ಹಾಗೆ. ಇಲ್ಲವೇ ಚುರುಕಾಗಿ ಒಂದೆರಡು ಮಿಸ್, ಸೈಲೆನ್ಸರಿನಲ್ಲಿ ಒಂದು ಢಮ್, ಮುಗಿಯಿತು. ಚೋಕ್ ಎಳೆದರೂ ಏನೂ ಆಗುವುದಿಲ್ಲ.

ಯಜಮಾನರನ್ನು ಕೇಳಿದೆ. "ಸುಮ್ಮನೆ ನಿಂತುಬಿಡುತ್ತದೆ" ಅಂದರು. ಪಕ್ಕದ ಸೀಟಿನಲ್ಲಿ ಕೂತು ನಾನೇ ಕೇಳಿಸಿಕೊಳ್ಳುವವರೆಗೆ ಅದರಿಂದ ಉಪಯೋಗ ಆಗಲಿಲ್ಲ. ನಾನು ಕೇಳಿದ್ದು ಎರಡು ಮಿಸ್, ಒಂದು ಢಮ್. ಆ ಹೊತ್ತಿಗೇ ಕರೆಂಟ್ ಕಡೆ ತಿರುಗಬೇಕಿತ್ತು. ಆದರೆ ಬಿಸಿಲಿತ್ತು, ಬಾನೆಟ್ ಸುಡುತ್ತಿತ್ತು, ನನ್ನ ತಲೆಯಲ್ಲಿ ಘಾಟಿಯಲ್ಲಿ ನಿಂತ ಅಪ್ಪನ ಫಿಯೆಟ್ಟಿತ್ತು.

ತಣ್ಣಗಾದರೆ ಸಾಕ್ಷಿ ಮಾಯ

ಇಂಥ ದೋಷದ ದೊಡ್ಡ ಕಷ್ಟ ಇದು. ನಿಂತ ಐದು ನಿಮಿಷದೊಳಗೆ ಪರೀಕ್ಷೆ ಮುಗಿಸಬೇಕು. ಟೂಲ್ ಬಾಕ್ಸ್ ಹುಡುಕುತ್ತಾ ಕೂತರೆ ಕಾರು ತಣ್ಣಗಾಗಿ ಸರಿಹೋಗಿರುತ್ತದೆ. ಅಷ್ಟೇ ಅಲ್ಲ, ಆ ಹೊತ್ತಿನಲ್ಲಿ ನೀವು ಯಾವ ಭಾಗ ಬದಲಿಸಿದ್ದರೂ ಅದೇ ಕಾರಣ ಅಂತ ನಂಬಿಬಿಡುತ್ತೀರಿ. ನಾನು ರಸ್ತೆ ಬದಿ ಕಂಡೆನ್ಸರ್ ಬದಲಿಸಲು ತೆಗೆದುಕೊಂಡದ್ದು ಇಪ್ಪತ್ತೈದು ನಿಮಿಷ. ಕಾರು ಸ್ಟಾರ್ಟ್ ಆಯಿತು. ಎಂಥಾ ಖುಷಿ! ಗುಣ ಮಾಡಿದ್ದು ಕಂಡೆನ್ಸರ್ ಅಲ್ಲ, ಆ ಇಪ್ಪತ್ತೈದು ನಿಮಿಷ.

ಹಾಗಾಗಿ ಹೊರಡುವ ಮೊದಲೇ ಎಲ್ಲ ಸಿದ್ಧ ಮಾಡಿಕೊಳ್ಳಿ. ಎರಡು ವೈರು ಬೆಸೆದ ಒಂದು 12 ವೋಲ್ಟ್ ಬಲ್ಬು, ಗ್ಯಾಪ್ ಇರುವ ಸ್ಪಾರ್ಕ್ ಟೆಸ್ಟರ್, ಕ್ಲಿಪ್ ಹಾಕಿದ ಒಂದು ಕಂಡೆನ್ಸರ್, ಸರಿಯಿದೆ ಅಂತ ಗೊತ್ತಿರುವ ಒಂದು ಕಾಯಿಲ್ (ಬ್ಯಾಟರಿಯ ಸಣ್ಣ ವೋಲ್ಟೇಜನ್ನು ಸ್ಪಾರ್ಕಿಗೆ ಬೇಕಾದಷ್ಟು ಏರಿಸುವ ಭಾಗ), ಮಲ್ಟಿಮೀಟರ್. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಸ್ಪಾರ್ಕ್ ಪರೀಕ್ಷೆಯನ್ನೂ ಪೆಟ್ರೋಲ್ ಪರೀಕ್ಷೆಯನ್ನೂ ಒಟ್ಟಿಗೆ ಮಾಡಬೇಡಿ. ಪೈಪ್ ಬಿಚ್ಚಿ ಪೆಟ್ರೋಲ್ ಹಿಡಿಯುವಾಗ ಸೈಲೆನ್ಸರ್ ಪೈಪು ಇನ್ನೂ ಸುಡುತ್ತಿರುತ್ತದೆ. ಆ ಕೆಲಸ ಮನೆಯಲ್ಲಿ, ತಣ್ಣಗಿರುವಾಗ.

ಒಂದು ಉಪಾಯ ತುಂಬ ಕೆಲಸಕ್ಕೆ ಬಂತು. ಕೀಯಿಂದ ಕಾಯಿಲ್‌ಗೆ ಬರುವ ವೈರಿಗೆ ಬಲ್ಬಿನ ಒಂದು ತುದಿ, ಚಾಸಿಗೆ ಇನ್ನೊಂದು. ಬಲ್ಬನ್ನು ಡ್ಯಾಶಿನ ಮೇಲೆ ಟೇಪ್ ಹಾಕಿ ಅಂಟಿಸಿ. ಕಾರು ನಿಂತ ಕ್ಷಣ ಬಲ್ಬು ಆರಿದರೆ ಕೀ, ಫ್ಯೂಸು, ಜಾಯಿಂಟು ಇವುಗಳಲ್ಲಿ ತೊಂದರೆ. ಬಲ್ಬು ಉರಿಯುತ್ತಲೇ ಇದ್ದರೆ ಕಾಯಿಲ್ ತನಕ ಕರೆಂಟ್ ಬಂದಿದೆ, ತೊಂದರೆ ಅಲ್ಲಿಂದ ಆಚೆಗೆ. ನಮ್ಮ ಬಲ್ಬು ಉರಿಯುತ್ತಲೇ ಇತ್ತು.

ಪೆಟ್ರೋಲ್ ಕಡೆ

ಈ ಕಾರಿನಲ್ಲಿ ಪೆಟ್ರೋಲ್ ಮೇಲೆ ಅನುಮಾನ ಬರುವುದು ಸಹಜ. ಯಜಮಾನರ ಕಾರಿನಲ್ಲಿರುವುದು ಫೋರ್ಡ್ 1172, ಸೈಡ್ ವಾಲ್ವ್ ಎಂಜಿನ್. ವಾಲ್ವುಗಳು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕದಲ್ಲಿ. ಇನ್ಲೆಟ್ಟೂ ಎಕ್ಸಾಸ್ಟೂ ಒಂದೇ ಬದಿಗೆ ಬರುತ್ತವೆ. ಹಾಗಾಗಿ ಕಾರ್ಬುರೇಟರುಗಳು ಕೆಂಡದಂತೆ ಕಾದ ಎಕ್ಸಾಸ್ಟ್ ಪೈಪಿನ ನೆತ್ತಿಯ ಮೇಲೆ ಕೂತಿರುತ್ತವೆ. ಒಲೆಯ ಮೇಲೆ ಪಾತ್ರೆ ಇಟ್ಟಂತೆ. ಅದರ ಮೇಲೆ 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರ ತನಕ ಎಥನಾಲ್ ಇರುತ್ತದೆ. ಅದು ಬೇಗ ಆವಿಯಾಗುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಶೇಕಡಾ 20 ಹಾಕಿಸುತ್ತಿರುವ ನಮ್ಮ ಊರಿನ ಹಳೇ ಗಾಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನೋಡಬೇಕಾದ್ದು ಮೂರು. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಸುಯ್ ಅಂತ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಟ್ಯಾಂಕಿನಲ್ಲಿ ಎಳೆತ ಹೆಚ್ಚಾಗಿ ಪಂಪು ಸೋಲುತ್ತದೆ. ಮುಚ್ಚಳ ತೆಗೆದ ಮೇಲೆ ಸ್ಟಾರ್ಟ್ ಆದರೆ ಬೇರೇನೂ ಹುಡುಕಬೇಡಿ. ಎರಡನೆಯದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬಿಕೊಳ್ಳುವ ಫ್ಲೋಟ್ ಚೇಂಬರಿನ ಮುಚ್ಚಳ ಎತ್ತಿ ಒಳಗೆ ಪೆಟ್ರೋಲ್ ಇದೆಯಾ ನೋಡಿ. ಮೂರನೆಯದು ಮನೆಯಲ್ಲಿ: ಪಂಪಿನ ಪೈಪನ್ನು ಬಾಟಲಿಗೆ ಬಿಟ್ಟು ನಿಲ್ಲದೆ, ಗುಳ್ಳೆಯಿಲ್ಲದೆ ಬರುತ್ತದಾ ನೋಡಿ. ಗುಳ್ಳೆ ಬಂದರೆ ಪಂಪಿನ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ.

ನಾನು ಮಾಡಿದ್ದು ಪರೀಕ್ಷೆಯಲ್ಲ, ನೇರ ಚಿಕಿತ್ಸೆ. ಕಾರ್ಬುರೇಟರ್ ಕೆಳಗೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿದೆ, ಪೈಪಿಗೆ ಬಿಸಿ ತಾಗದ ಪಟ್ಟಿ ಸುತ್ತಿದೆ. ಹೋಸೆಲ್ಲ ಹೊಸದು. ಎರಡು ಶನಿವಾರದ ಕೆಲಸ. ಮುಂದಿನ ಸುತ್ತಿನಲ್ಲಿ ಹದಿನೆಂಟನೇ ನಿಮಿಷಕ್ಕೆ ನಿಂತಾಗ ಫ್ಲೋಟ್ ಚೇಂಬರ್ ತೆರೆದೆ. ಅಂಚಿನ ತನಕ ಪೆಟ್ರೋಲ್, ತಿಳಿಯಾಗಿ, ಒಂದು ಗುಳ್ಳೆಯೂ ಇಲ್ಲದೆ.

ಕರೆಂಟ್ ಕಡೆ

ಇಲ್ಲಿಂದ ನಿಧಾನಕ್ಕೆ ಓದಿ. ಹಳೇ ಬ್ರಿಟಿಷ್ ಕಾರುಗಳ ಬಿಸಿಯಾದರೆ ನಿಲ್ಲುವ ರೋಗ ಹೆಚ್ಚಿನ ಪಾಲು ಇಲ್ಲೇ ಇರುತ್ತದೆ ಅನ್ನುವುದು ನನ್ನ ಅನುಭವ.

ಮೊದಲಿಗೆ ಎರಡು ಎಚ್ಚರಿಕೆ. ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಅರ್ತ್, ಅಂದರೆ ಚಾಸಿಗೆ ಜೋಡಿಸಿರುತ್ತದೆ. ನೋಡದೆ ಏನನ್ನೂ ಜೋಡಿಸಬೇಡಿ. ಇನ್ನೊಂದು, ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಸ್ಪಾರ್ಕ್ ಸಿಗುವ ಸರದಿ, 1-2-4-3. ಕೈ ರೂಢಿಗೆ 1-3-4-2 ಅಂತ ವೈರ್ ಸಿಕ್ಕಿಸಿದರೆ ಇಡೀ ಬೀದಿಗೆ ಪಟಾಕಿ.

ಸ್ಪಾರ್ಕನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಈ ಎಂಜಿನ್ನಿನಲ್ಲಿ ಹೆಡ್ಡಿನ ಮೇಲೆಯೇ ನೆಟ್ಟಗೆ ನಿಂತಿರುತ್ತದೆ. ಕೈಗೆ ಸಿಗುವುದು ಸುಲಭ, ಆದರೆ ಹೆಡ್ಡಿನ ಬಿಸಿಯೆಲ್ಲ ಅದಕ್ಕೆ ಏರುತ್ತದೆ. ಒಳಗಿನ ಕಂಡೆನ್ಸರ್ ಬೆಂದುಹೋಗುವುದು ಹೀಗೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಕೆಲವು ಕಂಡೆನ್ಸರುಗಳು ಡಬ್ಬಿಯಿಂದ ತೆಗೆದ ವಾರಕ್ಕೇ ಸಾಯುತ್ತವೆ. ಹಳೇದು ಸರಿಯಿದ್ದರೆ ಹೊಸದನ್ನು ನಂಬಿ ಎಸೆಯಬೇಡಿ.

ಕಂಡೆನ್ಸರ್ ಹೋಗಿದೆಯಾ ಅಂತ ನೋಡುವುದು ಹೀಗೆ. ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ನೆರಳಿನಲ್ಲಿ, ಸೆಲ್ಫ್ ಹೊಡೆಸುತ್ತಾ ಪಾಯಿಂಟ್ ನೋಡಿ. ಕಾಯಿಲಿನ ಕರೆಂಟನ್ನು ಕತ್ತರಿಸುವ ಸಣ್ಣ ಸ್ವಿಚ್ಚು ಅದು. ಸಣ್ಣ ಕಿಡಿ ಸಹಜ. ವೆಲ್ಡಿಂಗ್ ಥರ ದಪ್ಪ ನೀಲಿ ಬೆಳಕು ಹೊಡೆದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಕ್ಲಿಪ್ಪಿನ ಕಂಡೆನ್ಸರನ್ನು ಕಾಯಿಲಿನ ಪಾಯಿಂಟ್ ಕಡೆಯ ತುದಿಗೂ ಅರ್ತಿಗೂ ಸಿಕ್ಕಿಸಿ. ಒಳಗೇ ಶಾರ್ಟ್ ಆಗಿದ್ದರೆ ಮಾತ್ರ ಹಳೆಯದರ ವೈರ್ ಬಿಚ್ಚಬೇಕು. ಹತ್ತು ಸೆಕೆಂಡಿನ ಕೆಲಸ, ಕಾರು ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಇದನ್ನು ನಾನು ಮೊದಲೇ ಮಾಡಿದ್ದರೆ ಕಂಡೆನ್ಸರ್ ನಿರಪರಾಧಿ ಅಂತ ಅಂದೇ ಗೊತ್ತಾಗುತ್ತಿತ್ತು.

ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತಾ ಸ್ಪಾರ್ಕ್ ದಾಟಿಸುವ ರೋಟರನ್ನೂ ಮರೆಯಬೇಡಿ. ಕೆಲವದರಲ್ಲಿ ಹಿತ್ತಾಳೆ ತುಂಡನ್ನು ಹಿಡಿದಿರುವ ರಿವೆಟ್ಟು ಆಳಕ್ಕೆ ಇಳಿದಿರುತ್ತದೆ. ಬಿಸಿಯಾದಾಗ ಸ್ಪಾರ್ಕು ಅದರ ಮೂಲಕ ಕೆಳಗಿನ ಶಾಫ್ಟಿಗೆ ಸೋರುತ್ತದೆ. ಕಾಯಿಲಿನ ದಪ್ಪ ವೈರನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ರೋಟರಿನ ತಲೆಗೆ ಸ್ವಲ್ಪ ದೂರ ಹಿಡಿದು ಸೆಲ್ಫ್ ಹೊಡೆಸಿ. ಕಿಡಿ ಹಾರುತ್ತಲೇ ಇದ್ದರೆ ರೋಟರ್ ಸೋರುತ್ತಿದೆ. ನಮ್ಮದು ಸರಿಯಿತ್ತು.

ಅರ್ತ್ ಬಗ್ಗೆ ಒಂದು ಮಾತು. ರಿಸ್ಟೋರ್ ಮಾಡಿದ ಕಾರುಗಳಿಗೆ ಈಗ ಚಾಸಿಗೆ ಪೌಡರ್ ಕೋಟಿಂಗ್ ಹೊಡೆಸುತ್ತಾರೆ. ನೋಡಲು ಚೆಂದ. ಆದರೆ ಅದು ಪ್ಲಾಸ್ಟಿಕ್ಕು, ಕರೆಂಟ್ ಬಿಡುವುದಿಲ್ಲ. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ದಪ್ಪ ಪಟ್ಟಿ ಇದೆಯಾ, ಬೋಲ್ಟಿನ ಕೆಳಗೆ ಬಣ್ಣ ಕೆರೆದಿದ್ದಾರಾ ನೋಡಿ. ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಹೊರಗೆ ಚೆನ್ನಾಗಿ ಕಾಣುತ್ತಾ ಒಳಗೆ ತುಂಡಾಗಿರುತ್ತದೆ.

ಸರಿ, ನಮ್ಮ ಕಾರಿಗೆ ಬರೋಣ. ನಾಲ್ಕನೇ ಶನಿವಾರ. ಇಪ್ಪತ್ತೊಂದನೇ ನಿಮಿಷಕ್ಕೆ ನಿಂತಿತು. ಬಲ್ಬು ಉರಿಯುತ್ತಿತ್ತು. ಸ್ಪಾರ್ಕ್ ಟೆಸ್ಟರಿನಲ್ಲಿ 6 ಮಿಲಿಮೀಟರ್ ಗ್ಯಾಪ್ ಇಟ್ಟರೆ ಏನೂ ಇಲ್ಲ. 3ಕ್ಕೆ ಇಳಿಸಿದರೆ ಕೂದಲೆಳೆಯಂಥ ಹಳದಿ ಕಿಡಿ. ಕ್ಲಿಪ್ಪಿನ ಕಂಡೆನ್ಸರ್ ಹಾಕಿದೆ, ವ್ಯತ್ಯಾಸ ಇಲ್ಲ. ಕಾಯಿಲಿನ ಮೇಲೆ ಕೈಯಿಟ್ಟೆ, ಹಿಂದಕ್ಕೆ ಎಳೆದುಕೊಂಡೆ. ಕಾಯಿಲ್ ಬೆಚ್ಚಗಾಗುವುದು ಸಹಜ. ಇದು ಬೆಚ್ಚಗಲ್ಲ, ಹೆಂಚು. ಬದಲಿ ಕಾಯಿಲನ್ನು ಎಲ್ಲೂ ಕೂರಿಸದೆ, ಚಿಂದಿ ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ಮೂರು ವೈರ್ ಸಿಕ್ಕಿಸಿದೆ. ಯಜಮಾನರು ಸೆಲ್ಫ್ ಹೊಡೆದರು. ಮೊದಲ ಸುತ್ತಿಗೇ ಸ್ಟಾರ್ಟ್. ನಿಂತು ಎರಡು ನಿಮಿಷವೂ ಆಗಿರಲಿಲ್ಲ.

ಕಾಯಿಲ್ ಹೋಗಿದೆ, ಬದಲಿಸಿ, ಮುಗಿಯಿತು ಅನ್ನಬಹುದಿತ್ತು. ಆದರೆ ಯಜಮಾನರು ಮೆಲ್ಲಗೆ ಹೇಳಿದರು: "ಇದು ಹೊಸದು. ಎರಡು ವರ್ಷವಾಗಿಲ್ಲ. ಅದರ ಹಿಂದಿನದೂ ಹೊಸದೇ ಆಗಿತ್ತು." ಎರಡು ಹೊಸ ಕಾಯಿಲ್ ಸತ್ತಿವೆ ಅಂದರೆ ಕಾಯಿಲನ್ನು ಯಾರೋ ಕೊಲ್ಲುತ್ತಿದ್ದಾರೆ.

ತಣ್ಣಗಾದ ಮೇಲೆ ಕಾಯಿಲಿನ ಎರಡು ಸಣ್ಣ ತುದಿಗಳ ನಡುವೆ ಮೀಟರ್ ಇಟ್ಟೆ. 1.8 ಓಮ್. ಅಗ್ಗದ ಮೀಟರಿನಲ್ಲಿ ಇಷ್ಟು ಸಣ್ಣ ಅಳತೆ ನಂಬಬಾರದು. ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಬರುವ ಸಂಖ್ಯೆಯನ್ನು ಕಳೆಯಬೇಕು. ನನ್ನದು 0.3 ತೋರಿಸಿತು. ಅಲ್ಲಿಗೆ 1.5. ಬದಲಿ ಕಾಯಿಲ್ 3 ತೋರಿಸಿತು.

ಇದೇ ಗುಟ್ಟು. 12 ವೋಲ್ಟಿಗೆ ನೇರ ಜೋಡಿಸುವ ಕಾಯಿಲ್ ಸುಮಾರು 3 ಓಮ್ ಇರುತ್ತದೆ, 4 ಆಂಪ್ ಎಳೆಯುತ್ತದೆ. 1.5 ಓಮಿನದು 6 ವೋಲ್ಟಿಗೆ ಮಾಡಿದ್ದು, ಇಲ್ಲವೇ ಮುಂದೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರಲಿ ಅಂತ ಮಾಡಿದ್ದು. ಅದನ್ನು 12 ವೋಲ್ಟಿಗೆ ನೇರ ಕೊಟ್ಟರೆ 8 ಆಂಪ್. ಅದೇ ಕಾಯಿಲಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಕಾಯಿಲ್ ಒಳಗೇ ಬೇಯುತ್ತದೆ, ಒಳಗಿನ ಸುತ್ತುಗಳ ನಡುವೆ ಸ್ಪಾರ್ಕ್ ಸೋರುತ್ತದೆ. ತಣ್ಣಗಾದರೆ ಸೋರಿಕೆ ನಿಲ್ಲುತ್ತದೆ. ಪಾಯಿಂಟ್ ಬಿಚ್ಚಿ ನೋಡಿದರೆ ಸುಟ್ಟ ನೀಲಿ ಬಣ್ಣ, ಒಂದು ಕಡೆ ಗುಳಿ, ಎದುರು ಕಡೆ ಮೊಡವೆಯಂಥ ಗುಬುಟು. 8 ಆಂಪ್ ಕತ್ತರಿಸಿ ಕತ್ತರಿಸಿ ಅದಕ್ಕೂ ಸಾಕಾಗಿತ್ತು.

ಹಾಗಿದ್ದರೆ ಮೊದಲು ಹೇಗೆ ಓಡುತ್ತಿತ್ತು? ಯಜಮಾನರು ಈ ಕಾರನ್ನು ಕೊಂಡು ಮೂವತ್ತು ವರ್ಷ. ಮೊದಲೆಲ್ಲ ಈ ಕಾಟ ಇರಲಿಲ್ಲವಂತೆ. ಶುರುವಾದದ್ದು ವೈರಿಂಗ್ ಹೊಸದು ಮಾಡಿಸಿದ ಮೇಲೆ. ಅವರ ಬಳಿ ಒಂದು ದಪ್ಪ ಫೈಲಿದೆ. ಹಳೇ ರಸೀದಿ, ಕ್ಲಬ್ಬಿನ ರೇಸಿನ ಪಟ್ಟಿ, ಹಿಂದಿನ ಯಜಮಾನರ ಕಾಗದ. ಅದರಲ್ಲಿ ಅಂಗೈಯಗಲದ ಒಂದು ಕಪ್ಪು ಬಿಳುಪು ಫೋಟೋ. ಯಾವುದೋ ರೇಸಿನ ದಿನ, ಬಾನೆಟ್ ಹುಲ್ಲಿನ ಮೇಲೆ, ಉಣ್ಣೆ ಬನಿಯನ್ ಹಾಕಿದ ಹುಡುಗನೊಬ್ಬ ಎಂಜಿನ್ ಮೇಲೆ ಬಗ್ಗಿದ್ದಾನೆ. ಅವನ ಮೊಣಕೈ ಪಕ್ಕ, ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ, ಕಾಯಿಲ್. ಕಾಯಿಲಿನ ಪಕ್ಕ ಬೆರಳುದ್ದದ ಬಿಳೀ ತುಂಡು, ಎರಡು ಕಡೆ ವೈರು.

ಭೂತಗನ್ನಡಿ ಹಿಡಿದು ನೋಡಿದೆವು. ಪಿಂಗಾಣಿಯ ರೆಸಿಸ್ಟರ್. ಕಾರು ಕಟ್ಟಿದ ಹುಡುಗ ಹಳೇ ಫೋರ್ಡಿನ 6 ವೋಲ್ಟ್ ಕಾಯಿಲ್ ಇಟ್ಟುಕೊಂಡು ಬ್ಯಾಟರಿ ಮಾತ್ರ 12 ವೋಲ್ಟ್ ಮಾಡಿರಬೇಕು. ಹೊಸ ಕಾಯಿಲಿಗೆ ದುಡ್ಡಿಲ್ಲದೆ ನಡುವೆ ಇದನ್ನು ಸಿಕ್ಕಿಸಿದ್ದಾನೆ. ಲೆಕ್ಕ ಸರಿಯಾಗಿಯೇ ಇತ್ತು. ಅರವತ್ತು ವರ್ಷವಾದ ಮೇಲೆ ವೈರಿಂಗ್ ಮಾಡಿದವರಿಗೆ ಅದು ಏನು ಅಂತ ಗೊತ್ತಾಗಲಿಲ್ಲ. ಹೆಸರಿಲ್ಲ, ನಂಬರಿಲ್ಲ, ಸುಟ್ಟ ಕಲೆ ಬೇರೆ. ಹಳೇ ವೈರಿನ ಜೊತೆ ಕಸಕ್ಕೆ ಹೋಯಿತು. ಅವರು ಎಳೆದ ವೈರಿಂಗ್ ನೋಡಿದರೆ ಕಣ್ಣು ತಂಪಾಗುತ್ತದೆ, ಒಂದು ಜಾಯಿಂಟೂ ಸಡಿಲವಿಲ್ಲ. ಅಂಗಡಿಯವರದೂ ತಪ್ಪಿಲ್ಲ, ಯಜಮಾನರು ಹಳೇ ಕಾಯಿಲಿನ ನಂಬರ್ ಕೊಟ್ಟರು, ಅವರು ಅದೇ ನಂಬರಿನದು ಕೊಟ್ಟರು. ಎರಡು ಸಲ.

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ ಅಂತ ಸಲಹೆ ಕೊಡುವವರು ಬೇಕಾದಷ್ಟಿದ್ದಾರೆ. ಇಲ್ಲಿ ಹಾಗೆ ಮಾಡಿದ್ದರೆ 1.5 ಓಮಿನ ಕಾಯಿಲ್ ಆ ಮಾಡ್ಯೂಲನ್ನೂ ನುಂಗಿರುತ್ತಿತ್ತು. ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ.

ನೀರಿನ ಬಗ್ಗೆ ಎರಡು ಸಾಲು

ಎಂಜಿನ್ನೇ ಮಿತಿಮೀರಿ ಕಾಯುತ್ತಿದ್ದರೂ ಇದೇ ಲಕ್ಷಣ ಬರಬಹುದು. ಈ ಹಳೇ ಫೋರ್ಡ್ ಎಂಜಿನ್ನಿಗೆ ಕಂಪನಿ ವಾಟರ್ ಪಂಪ್ ಕೊಟ್ಟಿರಲಿಲ್ಲ. ಬಿಸಿ ನೀರು ತಾನೇ ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣ್ಣಗಾಗಿ ಕೆಳಗಿಳಿಯುತ್ತದೆ, ಅಷ್ಟೇ. ನೀರಿನ ಮಟ್ಟ ಮೇಲಿನ ಹೋಸಿನ ಬಾಯಿಗಿಂತ ಕೆಳಗೆ ಇಳಿದರೆ ಓಡಾಟವೇ ನಿಲ್ಲುತ್ತದೆ. ಮಟ್ಟ ನೋಡಿ, ತಣ್ಣಗಿರುವಾಗ. ನಿಮ್ಮ ಕಾರಿಗೆ ಯಾರಾದರೂ ಆಮೇಲೆ ಪಂಪ್ ಹಾಕಿದ್ದರೆ ಬೆಲ್ಟ್ ನೋಡಿ.

ಸರಿಪಡಿಸಿದ್ದು

ದಾರಿ ಎರಡಿತ್ತು. 3 ಓಮಿನ ಕಾಯಿಲ್ ನೇರವಾಗಿ ಹಾಕುವುದು. ಇಲ್ಲವೇ 1.5 ಓಮಿನ ಕಾಯಿಲ್ ಹಾಕಿ ಮುಂದೆ 1.5 ಓಮಿನ ರೆಸಿಸ್ಟರ್ ಇಡುವುದು. ಎರಡರಲ್ಲೂ 4 ಆಂಪೇ. ನಾನು ಮೊದಲನೆಯದು ಅಂದೆ. ಭಾಗ ಕಡಿಮೆ, ತಲೆನೋವು ಕಡಿಮೆ. ಯಜಮಾನರು ಫೋಟೋ ನೋಡುತ್ತಾ ಎರಡನೆಯದು ಅಂದರು. ಕಾರು ಅವರದು.

ಪಿಂಗಾಣಿ ರೆಸಿಸ್ಟರ್ ಈಗಲೂ ಸಿಗುತ್ತದೆ. ಅದೂ ಕಾಯುತ್ತದೆ, ಕಾಯಿಲಿನ ಅರ್ಧ ಬಿಸಿ ಹೊರುವುದೇ ಅದರ ಕೆಲಸ. ಹಾಗಾಗಿ ಪೆಟ್ರೋಲ್ ಪೈಪಿನಿಂದ, ವೈರ್ ಕಟ್ಟಿನಿಂದ ದೂರ, ಗಾಳಿ ಬರುವಲ್ಲಿ ಕೂರಿಸಬೇಕು. ಫೋಟೋದಲ್ಲಿದ್ದ ಜಾಗದಲ್ಲಿ ತಗಡಿಗೆ ಎರಡು ಹಳೇ ತೂತು ಹಾಗೇ ಇದ್ದವು, ಬಣ್ಣದಡಿ ಮುಚ್ಚಿಹೋಗಿ. ರೆಸಿಸ್ಟರಿನ ಕ್ಲಿಪ್ಪು ಅವಕ್ಕೆ ಸರಿಯಾಗಿ ಕೂತಿತು. ಹೊಸ ಪಾಯಿಂಟ್ ಹಾಕಿದೆವು, ಹಳೇ ಕಂಡೆನ್ಸರನ್ನೇ ವಾಪಸ್ ಹಾಕಿದೆವು. ರೆಸಿಸ್ಟರಿನ ಬುಡದಲ್ಲಿ ತಗಡಿನ ಚೀಟಿ ಕಟ್ಟಿ, ಇದು ಏನು, ಇದನ್ನು ತೆಗೆದರೆ ಏನಾಗುತ್ತದೆ ಅಂತ ಯಜಮಾನರು ಮೊಳೆಯಲ್ಲಿ ಚುಕ್ಕೆ ಹೊಡೆದು ಬರೆದರು. ಮೇಷ್ಟರ ಅಕ್ಷರ, ತಗಡಿನಲ್ಲೂ ಗುಂಡಾಗಿ ಬಂತು.

ಪರೀಕ್ಷೆಗೆ ಒಂದು ಗಂಟೆ ಸುತ್ತಿದೆವು, ಅದೂ ಮಧ್ಯಾಹ್ನ. ಹತ್ತತ್ತು ನಿಮಿಷಕ್ಕೆ ನಿಲ್ಲಿಸಿ ಕಾಯಿಲ್ ಮುಟ್ಟಿ ನೋಡಿದೆ. ಬಿಸಿಯಿತ್ತು, ಆದರೆ ಅಂಗೈ ಒತ್ತಿ ಇಟ್ಟುಕೊಳ್ಳಬಹುದಾದಷ್ಟು. ಸ್ಪಾರ್ಕು 6 ಮಿಲಿಮೀಟರಿಗೆ ನೀಲಿಯಾಗಿ ಹಾರುತ್ತಿತ್ತು.

ಇನ್ನೊಂದನ್ನೂ ನೋಡಿಬಿಡೋಣ ಅಂತ ಮುಂದಿನ ವಾರ ಕಾರ್ಬುರೇಟರ್ ಕೆಳಗಿನ ತಗಡಿನ ಮರೆ ಬಿಚ್ಚಿ ಓಡಿಸಿದೆ. ಓಡುವಾಗ ಏನೂ ತೊಂದರೆಯಿಲ್ಲ. ಟೀ ಕುಡಿಯಲು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಮಾತ್ರ ಎರಡು ಮೂರು ಸಲ ಕೆಮ್ಮಿತು, ಪೆಟ್ರೋಲ್ ವಾಸನೆ ಹೊಡೆಯಿತು. ಮರೆಯನ್ನು ವಾಪಸ್ ಹಾಕಿದೆ.